ಬೇರು ಸಹಿತ ಬಿದ್ದ ಹಲ್ಲು

ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ಮೊಮ್ಮಗಳ ಹಲ್ಲು ಎಣಿಸುವುದು ಕಮಲಮ್ಮನವರಿಗೆ ಒಂದು ತಿಂಗಳಿಂದ ಅಭ್ಯಾಸವಾಗಿಬಿಟ್ಟಿತ್ತು. ಅಮೂಲ್ಯಾ ಬಾಯಿ ತೆರೆದುಕೊಂಡೇ ಮಲಗುವ ಮಗು, ಹಾಗಾಗಿ ಎಬ್ಬಿಸಬೇಕಾಗಿರಲಿಲ್ಲ. ಮೇಲೆ ಹತ್ತು, ಕೆಳಗೆ ಎಂಟು. ಹದಿನೆಂಟೂ ಇವೆ ಎಂದು ಖಾತ್ರಿಯಾದ ಮೇಲೆಯೇ ಅವರ ಗಂಟಲಲ್ಲಿ ಕಾಫಿ ಇಳಿಯುತ್ತಿತ್ತು. ಮೂರು ವರ್ಷ ತುಂಬಲು ಎರಡು ತಿಂಗಳಿರುವ ಮಗುವಿನ ಬಾಯಲ್ಲಿ ಇಪ್ಪತ್ತಿರಬೇಕಾಗಿತ್ತು.

ಮೊದಲನೆಯದು ಬಿದ್ದದ್ದು ಇಡ್ಲಿ ತಿನ್ನುವಾಗ. ಚಕ್ಕುಲಿಯಲ್ಲ, ಕಡಲೆಯಲ್ಲ, ಇಡ್ಲಿ. ಅದೂ ಕಮಲಮ್ಮ ಮಾಡಿದ ಇಡ್ಲಿ, ಹಲ್ಲಿಲ್ಲದವರೂ ತಿನ್ನಬಹುದು ಎಂದು ಹೋಟೆಲಿನ ಗಿರಾಕಿಗಳೆಲ್ಲ ಹೊಗಳುವಂಥದ್ದು. ಮಗು "ಅಜ್ಜಿ, ದಾಂತ್ ಪಡೀ ಗಯೋ" ಎಂದು ಗುಜರಾತಿಯಲ್ಲಿ ವರದಿ ಒಪ್ಪಿಸಿ, ಬಿದ್ದ ಹಲ್ಲನ್ನು ಅವರ ಅಂಗೈಯಲ್ಲಿಟ್ಟು, ಉಳಿದ ಇಡ್ಲಿ ತಿನ್ನತೊಡಗಿತು. ಅಳುವಿಲ್ಲ, ಒಂದು ಹನಿ ರಕ್ತವಿಲ್ಲ. ಹಾಲುಹಲ್ಲು ಬೀಳುವುದನ್ನು ಕಮಲಮ್ಮ ಬೇಕಾದಷ್ಟು ಕಂಡಿದ್ದರು. ಬೀಳುವ ಹೊತ್ತಿಗೆ ಅದರ ಬೇರು ಸವೆದುಹೋಗಿ ತಲೆಯೊಂದೇ ಚಿಪ್ಪಿನ ಹಾಗೆ ಉಳಿದಿರುತ್ತದೆ. ಇದಕ್ಕೆ ಬೇರು ಪೂರ್ತಿ ಇತ್ತು, ಕಿತ್ತ ಸಸಿಯ ಹಾಗೆ. ಅಂಥ ಹಲ್ಲನ್ನು ಅವರು ಹಿಂದೆಯೂ ಕಂಡಿದ್ದರು. ಅದರ ನಿಜವನ್ನು ಯಾರಿಗೂ ಹೇಳಿರಲಿಲ್ಲ.

ಬುದ್ಧಿ ಕೈಕೊಟ್ಟಾಗ ಪದ್ಧತಿಯಾದರೂ ಕೈಹಿಡಿಯುತ್ತದೆ. ಬಿದ್ದ ಹಲ್ಲನ್ನು ಸೆಗಣಿಯ ಉಂಡೆಯೊಳಗಿಟ್ಟು ಮನೆಯ ಹಂಚಿನ ಮಾಡಿನ ಮೇಲೆ ಎಸೆದರೆ ಹೊಸ ಹಲ್ಲು ಚೆನ್ನಾಗಿ ಬರುತ್ತದೆ ಎಂದು ಅವರ ಊರಿನ ಕಡೆಯ ನಂಬಿಕೆ. ಈ ಗುಜರಾತಿ ನಗರದ ಬಡಾವಣೆಯಾದ ಅಡಾಜಣ್‌ನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಮಾಡು ಎಲ್ಲಿಂದ ಬರಬೇಕು? ಹಿಂದಿನ ರಸ್ತೆಯಲ್ಲಿ ದನ ಸಾಕುವ ರಬಾರಿಯ ಹಟ್ಟಿಯಿಂದ ಚೂರು ಸೆಗಣಿ ತಂದು, ಉಂಡೆ ಕಟ್ಟಿ, ಬಾಲ್ಕನಿಯಿಂದ ಕೆಳಗಿನ ಪಾರ್ಕಿಂಗಿನ ತಗಡಿನ ಮಾಡಿಗೆ ಎಸೆದರು. ಮೇಲಕ್ಕೆ ಹೋಗಬೇಕಾದ ಹಲ್ಲು ಕೆಳಕ್ಕೆ ಹೋಯಿತು. ಇರಲಿ, ಮಾಡು ಮಾಡೇ ಅಲ್ಲವೇ. ಸೊಸೆಗೆ ಹೇಳುವುದೋ ಬೇಡವೋ ಎಂದು ಯೋಚಿಸುವುದರಲ್ಲಿ ಎರಡು ದಿನ ಕಳೆದುಹೋದವು.

ಮಗ ಶರತ್‌ನ ಹೋಟೆಲು ಇರುವುದು ಅದೇ ನಗರದ ಉಧ್ನಾದಲ್ಲಿ. ಬಟ್ಟೆ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೊಸೆ ಅಕ್ಷತಾ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಅಲ್ಲಿ ಗಲ್ಲಾದಲ್ಲಿ ಕೂರುತ್ತಾಳೆ. ಅಷ್ಟು ಹೊತ್ತೂ ಮಗು ಅಜ್ಜಿಯ ವಶ. ಮೂರನೇ ದಿನ ಸಂಜೆ ಮಗು ಅಮ್ಮನ ಎದುರು ಕುಳಿತು ಬಾಯ್ತುಂಬ ನಕ್ಕಿತು. ಅಲ್ಲಿಗೆ ಗುಟ್ಟು ರಟ್ಟಾಯಿತು.

"ಎಂತ ಅತ್ತೆ ಇದು? ಎಲ್ಲಿ ಬಿದ್ದದ್ದು ಇವಳು?" ಎಂದಳು ಅಕ್ಷತಾ.

"ಎಲ್ಲಿಯೂ ಬೀಳ್ಲಿಲ್ಲ ಮಾರಾಯ್ತಿ. ಇಡ್ಲಿ ತಿನ್ನುವಾಗ ಹಲ್ಲು ಕಳಚಿ ಬಂತು."

"ಯಾವಾಗ?"

"ಮೊನ್ನೆ."

"ಮೊನ್ನೆ," ಎಂದಳು ಅಕ್ಷತಾ. "ಹಲ್ಲೆಲ್ಲಿ?"

"ಮಾಡಿಗೆ ಹಾಕಿದೆ."

ಅಕ್ಷತಾ ಮಗುವನ್ನು ದೀಪದ ಕೆಳಗೆ ನಿಲ್ಲಿಸಿಕೊಂಡು ತುಟಿ, ಗಲ್ಲ, ಮೊಣಕೈ, ಮೊಣಕಾಲು ಎಲ್ಲ ತಿರುಗಿಸಿ ನೋಡಿದಳು. ಎಲ್ಲಿಯೂ ತರಚಿದ ಗುರುತಿರಲಿಲ್ಲ. ಗುರುತು ಸಿಗದಿದ್ದರೆ ಅನುಮಾನ ಹೋಗಬೇಕಲ್ಲ, ಅದು ಹೋಗಲಿಲ್ಲ, ಇನ್ನಷ್ಟು ಗಟ್ಟಿಯಾಗಿ ಕುಳಿತಿತು.

ಮೂರು ವಾರಕ್ಕೆ ಎರಡನೆಯದೂ ಬಿತ್ತು, ಅದರ ಪಕ್ಕದ್ದೇ. ಆಗಲೂ ಮನೆಯಲ್ಲಿದ್ದದ್ದು ಅಜ್ಜಿ ಮತ್ತು ಮೊಮ್ಮಗಳು ಇಬ್ಬರೇ. ಈ ಸಲ ಕಮಲಮ್ಮ ಕೂಡಲೇ ಸೊಸೆಗೆ ಫೋನು ಮಾಡಿದರು. ಆದರೆ ಅವಳು ಆಟೋ ಹಿಡಿದು ಬರುವಷ್ಟರಲ್ಲಿ ಹಲ್ಲು ಮಾತ್ರ ತಗಡಿನ ಮಾಡು ಸೇರಿಯಾಗಿತ್ತು. ಬೇರು ಪೂರ್ತಿಯಿದ್ದ ಆ ಹಲ್ಲು ಮನೆಯೊಳಗೆ ಕಣ್ಣೆದುರು ಇರುವುದನ್ನು ಅವರಿಂದ ಸಹಿಸಲಾಗಿರಲಿಲ್ಲ.

ಬೀದಿಯ ಕೊನೆಯ ದಂತವೈದ್ಯರು ಮಗುವಿನ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ಮೂರು ವರ್ಷದ ಮಗುವಿಗೆ ಹಲ್ಲು ತಾನಾಗಿ ಬೀಳುವುದಿಲ್ಲ, ಏನಾದರೂ ಪೆಟ್ಟಾಗಿರಬೇಕು, ಸುಣ್ಣದ ಅಂಶವೂ ಕಡಿಮೆಯಿರಬಹುದು ಎಂದು ಕ್ಯಾಲ್ಸಿಯಂ ಸಿರಪ್ಪನ್ನೂ ವಾರಕ್ಕೊಂದು ವಿಟಮಿನ್ ಡಿ ಪುಡಿಯನ್ನೂ ಬರೆದುಕೊಟ್ಟರು. ಕೊನೆಗೆ ಅಕ್ಷತಾಳನ್ನು ಮಾತ್ರ ಒಳಗೆ ಕರೆದು, "ಹಗಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಸ್ವಲ್ಪ ಗಮನವಿರಲಿ" ಎಂದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕಮಲಮ್ಮನ ಕಿವಿ ಚುರುಕು.

ಮರುದಿನ ಶರತ್ ಹಾಲ್‌ನಲ್ಲಿದ್ದ ಟೀವಿಯ ಮೇಲೆ ಒಂದು ಪುಟ್ಟ ಕ್ಯಾಮೆರಾ ಕೂರಿಸಿದ. "ಗ್ಯಾಸಿನವ, ಕೊರಿಯರಿನವ ಎಲ್ಲ ಬರ್ತಾರಲ್ಲ ಅಮ್ಮ, ಅದಕ್ಕೆ" ಎಂದ, ಅವರ ಮುಖ ನೋಡದೆ. ಗ್ಯಾಸಿನವನು ಬರುವುದು ತಿಂಗಳಿಗೊಮ್ಮೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕಮಲಮ್ಮನ ಅವಸ್ಥೆಯೂ ಅದೇ ಆಯಿತು. ಕ್ಯಾಮೆರಾದ ಎದುರು ಅವರು ಮಗುವಿನಿಂದ ಎರಡು ಮಾರು ದೂರ ಕೂರತೊಡಗಿದರು. ತಲೆ ಬಾಚುವಾಗ ಬಾಚಣಿಗೆ ತಾಗಿದರೂ ಭಯ, ಮುಖ ಒರೆಸಿದರೂ ಭಯ. ಹಲ್ಲುಜ್ಜಿಸುವುದನ್ನು ಬಿಟ್ಟೇಬಿಟ್ಟರು. ಮಗುವಿಗೆ ಇದೆಲ್ಲ ತಿಳಿಯಬೇಕಲ್ಲ? ಅದು ಎತ್ತಿಕೋ ಎಂದು ಸೆರಗು ಜಗ್ಗುತ್ತಿತ್ತು. ಆಗ ಅಡಿಗೆಕೋಣೆಯ ಮರೆಗೆ ಹೋಗಿ ಎತ್ತಿಕೊಂಡು, ಅಲ್ಲಿಯೇ ಮೆತ್ತಗೆ ಕಿವುಚಿದ ಅನ್ನ ತಿನ್ನಿಸುತ್ತಿದ್ದರು. ಇದರಿಂದ ಸಂಗತಿ ಇನ್ನೂ ಹದಗೆಟ್ಟಿತು.

"ಯಾಕೆ ಅತ್ತೆ, ಇವಳನ್ನು ಯಾವಾಗ್ಲೂ ಅಡಿಗೆಕೋಣೆಗೇ ಕರ್ಕೊಂಡು ಹೋಗ್ತೀರಿ?" ಎಂದು ಅಕ್ಷತಾ ಒಂದು ಸಂಜೆ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಕಮಲಮ್ಮನೂ ತಿರುಗಿ ಏನಾದರೂ ಅನ್ನಬಹುದಿತ್ತು.

ಸೊಸೆ ಕೆಟ್ಟವಳಲ್ಲ ಎಂಬುದು ಕಮಲಮ್ಮನಿಗೆ ಗೊತ್ತಿತ್ತು. ತನ್ನ ಮಗುವಿನ ಹಲ್ಲು ಹೀಗೆ ಉದುರುತ್ತಿದ್ದರೆ ತಾನೂ ಹೀಗೆಯೇ ಸುತ್ತಮುತ್ತ ಕಣ್ಣು ಹಾಯಿಸುತ್ತಿದ್ದೆ ಎಂದೂ ಗೊತ್ತಿತ್ತು. ಅವರನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಸೊಸೆಯ ಅನುಮಾನವಲ್ಲ. ಆ ಅನುಮಾನಕ್ಕೆ ಆಧಾರವಿದೆ ಎಂಬ ಸಂಗತಿ.

ಮೂವತ್ತೈದು ವರ್ಷದ ಹಿಂದಿನ ಮಾತು. ಆಗ ಅವರಿದ್ದದ್ದು ವಡೋದರಾದಲ್ಲಿ. ಯಜಮಾನರಾದ ದಾಮೋದರ ಅವರು ರೈಲ್ವೆ ಸ್ಟೇಷನ್ನಿನ ಹತ್ತಿರ ನಾಲ್ಕು ಮೇಜಿನ ಹೋಟೆಲು ಇಟ್ಟಿದ್ದರು, ಹಿಂದೆಯೇ ಒಂದು ಕೋಣೆಯ ಸಂಸಾರ. ರುಬ್ಬುವುದು, ಬೇಯಿಸುವುದು, ತೊಳೆಯುವುದು ಎಲ್ಲ ಕಮಲಮ್ಮ. ಒಂದು ಸಂಜೆ, ಮೂರು ವರ್ಷ ತುಂಬದ ಶರತ್, ಮರುದಿನದ ದೋಸೆಗೆಂದು ರುಬ್ಬಿಟ್ಟ ಹಿಟ್ಟಿನ ಪಾತ್ರೆಯನ್ನು ಪೂರ್ತಿ ಕವುಚಿ ಹಾಕಿದ. ಹಗಲಿಡೀ ನಿಂತು ಸೋತಿದ್ದ ಕಮಲಮ್ಮ ಅವನ ಕೆನ್ನೆಗೆ ರಪ್ಪನೆ ಒಂದು ಬಿಟ್ಟರು. ಮಾರನೆಯ ಬೆಳಗ್ಗೆ ಅವನ ತಲೆದಿಂಬಿನ ಮೇಲೆ ಒಂದು ಹಲ್ಲು ಬಿದ್ದಿತ್ತು. ಬೇರು ಸಹಿತ.

ಯಜಮಾನರು ಕೇಳಿದಾಗ ಕಮಲಮ್ಮ, ಹಿಂದಿನ ಮೆಟ್ಟಿಲಿನಿಂದ ಬಿದ್ದ ಎಂದುಬಿಟ್ಟರು. ಆಮೇಲೆ ಎರಡು ತಿಂಗಳಲ್ಲಿ ಇನ್ನೂ ಮೂರು ಹಲ್ಲು ಹೋದವು. ಪ್ರತಿ ಸಲವೂ ಎಲ್ಲರೂ "ಆ ಮೆಟ್ಟಿಲಿನ ಪೆಟ್ಟು" ಎಂದರು, ಕಮಲಮ್ಮ ಒಳಗೇ "ನನ್ನ ಪೆಟ್ಟು" ಎಂದುಕೊಂಡರು. ಸುಳ್ಳು ಎಷ್ಟು ಗಟ್ಟಿಯಾಯಿತೆಂದರೆ, ಶರತ್‌ಗೆ ಈಗ ಆ ಬಿದ್ದದ್ದು ನೆನಪೇ ಇದೆ. ಮೊಣಕಾಲಿನ ಮೇಲಿನ ಯಾವುದೋ ಕಲೆಯನ್ನು ತೋರಿಸಿ ಇದು ಅದೇ ಗಾಯ ಎನ್ನುತ್ತಾನೆ. ಅಂದಿನಿಂದ ಕಮಲಮ್ಮ ಯಾವ ಮಗುವಿನ ಮೇಲೂ ಕೈ ಎತ್ತಿದವರಲ್ಲ. ಅವರ ಸಾಂಬಾರು ತಿಂದವರು "ನಿಮ್ಮ ಕೈಗುಣ ದೊಡ್ಡದು" ಎಂದಾಗಲೆಲ್ಲ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು.

ಈಗ ಮೊಮ್ಮಗಳ ಮೇಲಿನ ಸಾಲಿನ ಮುಂದಿನ ಹಲ್ಲು ಅಲುಗಾಡುತ್ತಿತ್ತು. ತಾನು ಹೊಡೆದಿಲ್ಲ, ದೇವರಾಣೆಗೂ ಹೊಡೆದಿಲ್ಲ. ಆದರೂ ಮೂಸಂಬಿ ರಸ ಕುಡಿಸುವಾಗ ಲೋಟ ಜೋರಾಗಿ ತಾಗಿತೇ? ಸ್ನಾನ ಮಾಡಿಸುವಾಗ ಗಲ್ಲ ಬಿಗಿಯಾಗಿ ಹಿಡಿದೆನೇ? ಯೋಚಿಸಿದಷ್ಟೂ ತನ್ನ ಕೈಯ ಮೇಲೆಯೇ ಅವರಿಗೆ ನಂಬಿಕೆ ಹೋಯಿತು.

ಹೋಟೆಲಿನ ಹಳೆಯ ಗಿರಾಕಿಯೊಬ್ಬರು ವಡೋದರಾದ ಮಕ್ಕಳ ದಂತವೈದ್ಯೆ ಹೇತಲ್‌ಬೆನ್ ಅವರ ಹೆಸರು ಹೇಳಿದ್ದರು. ಒಂದು ಗುರುವಾರ ನಾಲ್ವರೂ ಬೆಳಗಿನ ರೈಲು ಹಿಡಿದರು. ಮೊದಲು ಕಮಲಮ್ಮ ಬರುವುದು ಬೇಡ ಎಂದಿದ್ದ ಅಕ್ಷತಾ, ಆಮೇಲೆ "ಹಲ್ಲು ಬೀಳುವಾಗ ಇದ್ದದ್ದು ನೀವೇ ಅಲ್ವಾ, ಡಾಕ್ಟರು ಕೇಳಬಹುದು" ಎಂದಳು. ಆ ಮಾತು ಕರೆಯೋ ಸಮನ್ಸೋ ಎಂದು ಕಮಲಮ್ಮನಿಗೆ ತಿಳಿಯಲಿಲ್ಲ. ರೈಲಿನಲ್ಲಿ ಶರತ್ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಾನು ಹುಟ್ಟಿದ ಊರು ಗೊತ್ತುಂಟಾ ಅದು. ಅಲ್ಲೇ ಮೆಟ್ಟಿಲಿಂದ ಬಿದ್ದು ನಿನ್ನ ಹಾಗೇ ಬೊಚ್ಚು ಆದದ್ದು" ಎಂದು ಕಥೆ ಹೇಳುತ್ತಿದ್ದ. ಮಗು ಖುಷಿಯಿಂದ ಕೇಳುತ್ತಿತ್ತು. ಕಮಲಮ್ಮ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಭರೂಚಿನ ಸೇತುವೆ ಯಾವಾಗ ದಾಟಿತೋ ಅವರಿಗೆ ಗೊತ್ತಾಗಲಿಲ್ಲ.

ಹೇತಲ್‌ಬೆನ್ ಐವತ್ತರ ಆಸುಪಾಸಿನ ಹೆಂಗಸು, ಅವಸರವಿಲ್ಲದವರು. ಮಗುವಿನ ವಸಡು ಒತ್ತಿ ನೋಡಿದರು, ಅಂಗೈ ಅಂಗಾಲು ನೋಡಿದರು, ನಡೆಸಿ ನೋಡಿದರು. ಅಕ್ಷತಾಳ ತೊಡೆಯಲ್ಲಿ ಕೂರಿಸಿ ಬೆರಳುಗಾತ್ರದ ಫಿಲ್ಮನ್ನು ಬಾಯೊಳಗಿಟ್ಟು ಎಕ್ಸ್‌ರೇ ತೆಗೆದರು. ಆಮೇಲೆ ಗುಜರಾತಿಯಲ್ಲಿ ಮಾತು ಶುರುವಾಯಿತು. ನಲವತ್ತು ವರ್ಷದಿಂದ ಈ ಕಡೆ ಇರುವ ಕಮಲಮ್ಮನಿಗೆ ಗುಜರಾತಿ ನೀರು ಕುಡಿದಷ್ಟು ಸಲೀಸು.

"ಬಿದ್ದ ಹಲ್ಲು ತಂದಿದ್ದೀರಾ?"

"ಅತ್ತೆ ಮಾಡಿನ ಮೇಲೆ ಎಸೆದರು," ಎಂದಳು ಅಕ್ಷತಾ.

"ನನ್ನ ಅಜ್ಜಿಯೂ ಎಸೆಯುತ್ತಿದ್ದರು. ನಾನು ನೋಡಬೇಕಾದ ಹಲ್ಲುಗಳೆಲ್ಲ ಊರಿನ ಛಾವಣಿಗಳ ಮೇಲಿವೆ," ಎಂದು ಡಾಕ್ಟರು ನಕ್ಕರು. ಕಮಲಮ್ಮನ ಕಡೆ ತಿರುಗಿ, "ಬಾ, ನೀವು ನೋಡಿದಿರಲ್ಲ, ಹಲ್ಲು ಮುರಿದಿತ್ತೇ, ಬೇರು ಇತ್ತೇ?" ಎಂದು ಕೇಳಿದರು. ಹಿರಿಯ ಹೆಂಗಸರನ್ನು ಅಲ್ಲಿ ಬಾ ಎನ್ನುತ್ತಾರೆ, ಅಮ್ಮಾ ಎಂದ ಹಾಗೆ.

"ಬೇರು ಪೂರ್ತಿ ಇತ್ತು," ಎಂದರು ಕಮಲಮ್ಮ. ಅಕ್ಷತಾ ಥಟ್ಟನೆ ಅವರನ್ನು ನೋಡಿದಳು. ಇದನ್ನು ಅವಳಿಗೆ ಹೇಳಿರಲಿಲ್ಲ.

ಡಾಕ್ಟರು ಬರೆದುಕೊಂಡರು. "ಮಗುವಿಗೆ ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ? ಬೇಸರ ಬೇಡ, ಇಲ್ಲಿ ಬರುವ ಎಲ್ಲರನ್ನೂ ಕೇಳುತ್ತೇನೆ." ಶರತ್ ಇಲ್ಲ ಎಂದ. ಅಕ್ಷತಾ ನೆಲ ನೋಡಿದಳು. ಕಮಲಮ್ಮ ಅದನ್ನು ಕಂಡರು.

"ನಿಮ್ಮಿಬ್ಬರ ಕುಟುಂಬದಲ್ಲಿ ಯಾರಿಗಾದರೂ ಐದು ವರ್ಷಕ್ಕೆ ಮೊದಲೇ ಹಾಲುಹಲ್ಲು ಹೋಗಿತ್ತೇ?"

"ನನಗೆ ಹೋಗಿತ್ತು," ಎಂದ ಶರತ್ ಉತ್ಸಾಹದಿಂದ. "ಆದರೆ ಅದು ಮೆಟ್ಟಿಲಿನಿಂದ ಬಿದ್ದು. ನೋಡಿ, ಈ ಗಾಯ."

"ಹಾಗಾದರೆ ಅದು ಲೆಕ್ಕಕ್ಕೆ ಬರುವುದಿಲ್ಲ," ಎಂದು ಡಾಕ್ಟರು ಕಾಗದದ ಮೇಲೆ ಏನೋ ಬರೆದು, ಅದರ ಮೇಲೆ ಗೆರೆ ಎಳೆದರು. "ಎಕ್ಸ್‌ರೇಯಲ್ಲಿ ದವಡೆಯ ಮೂಳೆ ಕಡಿಮೆಯಾಗಿ ಕಾಣುತ್ತಿದೆ. ಇದಕ್ಕೆ ಬೇರೆ ಬೇರೆ ಕಾರಣಗಳಿವೆ, ಕೆಲವು ರಕ್ತಕ್ಕೆ ಸಂಬಂಧಿಸಿದ್ದು, ಒಳ್ಳೆಯವಲ್ಲ. ಅಹಮದಾಬಾದಿಗೆ ಕಳಿಸುತ್ತೇನೆ. ಅಲ್ಲಿ ಮಗುವಿಗೆ ಮತ್ತು ಬರಿಸಿ ದವಡೆಯಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕಾಗುತ್ತದೆ."

ಅಕ್ಷತಾ ಮಗುವನ್ನು ಎದೆಗೆ ಒತ್ತಿಕೊಂಡಳು. ಕಮಲಮ್ಮ ನೋಡುತ್ತಿದ್ದದ್ದು ಆ ಗೆರೆಯನ್ನು. ಅವರಿಗೆ ವೈದ್ಯ ಗೊತ್ತಿಲ್ಲ, ಮೂಳೆ ಗೊತ್ತಿಲ್ಲ. ಡಾಕ್ಟರು ಬೇಕೆಂದು ಕೇಳಿದ ಸಂಗತಿಯೊಂದಿತ್ತು, ತನ್ನ ಸುಳ್ಳಿನಿಂದ ಅದರ ಮೇಲೆ ಗೆರೆ ಬಿತ್ತು ಎಂಬುದು ಮಾತ್ರ ಗೊತ್ತಾಯಿತು. ಈಗ ಬಾಯಿ ತೆರೆದರೆ, ಮಕ್ಕಳ ಹಲ್ಲು ಉದುರಿಸುವ ಕೈ ಇದೇ ಎಂದು ಸೊಸೆಯ ಎದುರು ತಾನೇ ಒಪ್ಪಿಕೊಂಡ ಹಾಗೆ. ತೆರೆಯದಿದ್ದರೆ ಈ ಎಳೆಯ ಜೀವದ ದವಡೆಗೆ ಕತ್ತಿ. ಮೊಮ್ಮಗಳು ಇನ್ನು ತನ್ನ ಕೈಗೆ ಸಿಗದಿದ್ದರೂ ಹೋಗಲಿ ಎಂದು ಅವರು ಗಂಟಲು ಸರಿಮಾಡಿಕೊಂಡರು.

"ಡಾಕ್ಟರ್‌ಬೆನ್, ಅವನು ಮೆಟ್ಟಿಲಿನಿಂದ ಬೀಳಲಿಲ್ಲ. ನಾನು ಹೊಡೆದೆ."

ಅದನ್ನು ಅವರು ಗುಜರಾತಿಯಲ್ಲಿಯೇ ಹೇಳಿದರು. ಕನ್ನಡದಲ್ಲಿ, ಮಗನ ಮುಖ ನೋಡಿಕೊಂಡು ಹೇಳುವ ಧೈರ್ಯ ಅವರಿಗಿರಲಿಲ್ಲ. ಹಿಟ್ಟು ಚೆಲ್ಲಿದ್ದು, ಕೆನ್ನೆಗೆ ಬಾರಿಸಿದ್ದು, ಬೆಳಗ್ಗೆ ದಿಂಬಿನ ಮೇಲೆ ಕಂಡದ್ದು, ಗಂಡನಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಮೇಜಿನ ಅಂಚನ್ನು ನೋಡುತ್ತ ಒಂದೇ ಉಸಿರಿಗೆ ಒಪ್ಪಿಸಿದರು. "ನನ್ನ ಕೈ ಕೆಟ್ಟದ್ದು," ಎಂದು ಮುಗಿಸಿದರು. ಶರತ್ ಬಾಯಿ ತೆರೆದು ಹಾಗೆಯೇ ಕುಳಿತಿದ್ದ.

ಡಾಕ್ಟರು ಹೊಡೆತದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಆ ರಾತ್ರಿ ರಕ್ತ ಬಂದಿತ್ತೇ?"

"ಇಲ್ಲ."

"ತುಟಿ ಊದಿತ್ತೇ? ವಸಡು ಕಪ್ಪಾಗಿತ್ತೇ?"

"ಇಲ್ಲ. ಚೆನ್ನಾಗಿ ಉಂಡು ಮಲಗಿದ್ದ."

"ಹಲ್ಲಿಗೆ ಬೇರು?"

"ಪೂರ್ತಿ ಇತ್ತು. ಆಮೇಲೆ ಬಿದ್ದ ಮೂರಕ್ಕೂ ಇತ್ತು. ಅವು ಬೀಳುವಾಗ ನಾನು ಮುಟ್ಟಿರಲೂ ಇಲ್ಲ."

"ಮಗುವಿನ ಅಜ್ಜನ ಹಲ್ಲು ಹೇಗಿತ್ತು?"

ಕಮಲಮ್ಮನಿಗೆ ಈ ಪ್ರಶ್ನೆ ಯಾಕೆಂದು ತಿಳಿಯಲಿಲ್ಲ. "ನಲವತ್ತಕ್ಕೆ ಮೊದಲೇ ಸೆಟ್ಟು ಹಾಕಿಸಿಕೊಂಡಿದ್ದರು. ಎಲೆಅಡಿಕೆಯಿಂದ ಹೋದದ್ದು ಎನ್ನುತ್ತಿದ್ದರು."

"ಚೆನ್ನಾಯಿತು," ಎಂದರು ಹೇತಲ್‌ಬೆನ್. "ಒಬ್ಬರದು ಎಲೆಅಡಿಕೆಯಿಂದ, ಒಬ್ಬರದು ಮೆಟ್ಟಿಲಿನಿಂದ, ಮಗುವಿನದು ಸುಣ್ಣ ಕಡಿಮೆಯಾಗಿ. ಪ್ರತಿ ಹಲ್ಲಿಗೂ ನಿಮ್ಮ ಮನೆಯಲ್ಲಿ ಒಂದೊಂದು ಕಾರಣ ಇಟ್ಟುಕೊಂಡಿದ್ದೀರಿ." ಅಕ್ಷತಾಳ ಕಡೆ ತಿರುಗಿ, "ಮಗುವಿನ ರಕ್ತಪರೀಕ್ಷೆ ಹಿಂದೆ ಯಾವಾಗಾದರೂ ಮಾಡಿಸಿದ್ದೀರಾ?" ಎಂದರು.

ಮಳೆಗಾಲದಲ್ಲಿ ಜ್ವರ ಬಂದಾಗ ಮಾಡಿಸಿದ್ದ ವರದಿ ಅಕ್ಷತಾಳ ಫೋನಿನಲ್ಲಿತ್ತು. ಅವಳು ಅದನ್ನು ಹುಡುಕಿ ತೆರೆದುಕೊಟ್ಟಳು. ಡಾಕ್ಟರು ಒಂದು ಸಾಲಿನ ಮೇಲೆ ಬೆರಳಿಟ್ಟರು. ಅಲ್ಕಲೈನ್ ಫಾಸ್ಫಟೇಸ್, ಐವತ್ತೆಂಟು. ಪಕ್ಕದಲ್ಲಿ ಸರಿಯಾಗಿದೆ ಎಂದೇ ಅಚ್ಚಾಗಿತ್ತು.

"ಇದು ದೊಡ್ಡವರ ಅಳತೆ. ಲ್ಯಾಬಿನವರು ಮಗುವಿಗೂ ಅದನ್ನೇ ಹಾಕಿದ್ದಾರೆ. ಈ ವಯಸ್ಸಿನ ಮಗುವಿಗೆ ಇದರ ಎರಡರಷ್ಟಾದರೂ ಇರಬೇಕು. ಹೆಚ್ಚಾದರೆ ಎಲ್ಲರೂ ಹೆದರುತ್ತಾರೆ, ಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ." ಅವರು ಸಾವಕಾಶವಾಗಿ ವಿವರಿಸಿದರು. ಮೂಳೆಗೂ ಹಲ್ಲಿಗೂ ಸುಣ್ಣ ಕೂರಿಸುವ ಒಂದು ಕಿಣ್ವ ದೇಹದಲ್ಲಿದೆ. ಅದು ಹುಟ್ಟಿನಿಂದಲೇ ಕಡಿಮೆಯಿರುವ ಮನೆತನಗಳಿರುತ್ತವೆ, ಬಹಳ ಅಪರೂಪಕ್ಕೆ. ಇಟ್ಟಿಗೆ ಇದ್ದೂ ಗಾರೆ ಇಲ್ಲದ ಗೋಡೆಯ ಹಾಗೆ, ಬೇರು ದವಡೆಗೆ ಅಂಟಿಕೊಳ್ಳುವುದಿಲ್ಲ. ಇಡ್ಲಿ ತಿಂದರೂ ಹಲ್ಲು ಬರುತ್ತದೆ, ಮಲಗಿದ್ದಲ್ಲೇ ಬರುತ್ತದೆ. "ಕ್ಯಾಲ್ಸಿಯಂ, ವಿಟಮಿನ್ ಡಿ ಎರಡನ್ನೂ ಇವತ್ತೇ ನಿಲ್ಲಿಸಿ. ಈ ಕಾಯಿಲೆಯಲ್ಲಿ ಅದರಿಂದ ಕೆಡುಕೇ ಹೆಚ್ಚು. ಅಹಮದಾಬಾದಿನ ಚೂರು ತೆಗೆಯುವ ಪರೀಕ್ಷೆ ಸದ್ಯ ಬೇಡ. ಬಾ ಹೇಳದೇ ಇದ್ದಿದ್ದರೆ ನಾನು ಕಳಿಸಿಬಿಡುತ್ತಿದ್ದೆ."

ಕಮಲಮ್ಮನಿಗೆ ಅರ್ಧ ಅರ್ಥವಾಯಿತು. "ಹಾಗಾದರೆ ನಾನು ಹೊಡೆದದ್ದು?"

"ಕೆನ್ನೆಗೆ ಹೊಡೆದರೆ ಹಲ್ಲು ಮುರಿಯಬಹುದು, ರಕ್ತ ಬರಬಹುದು. ಒಂದು ಹನಿ ರಕ್ತವಿಲ್ಲದೆ ಬೇರು ಸಹಿತ ಕಳಚಿ ಬರುವುದಿಲ್ಲ. ನೀವು ಹೊಡೆಯದಿದ್ದರೂ ಅದು ಬೀಳುತ್ತಿತ್ತು."

ಸಂತೋಷಪಡಬೇಕಿತ್ತು. ಆದರೆ ಡಾಕ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಇದರಲ್ಲಿ ಬಗೆಗಳಿವೆ, ಕೆಲವರಿಗೆ ಹಲ್ಲಿಗೆ ಮಾತ್ರ, ಕೆಲವು ಮಕ್ಕಳಿಗೆ ಕಾಲಿನ ಮೂಳೆಯೂ ಬಾಗುತ್ತದೆ, ಮುರಿಯುತ್ತದೆ. ಅಮೂಲ್ಯಾಳದು ಯಾವ ಬಗೆಯೆಂದು ತಿಳಿಯಲು ಮಣಿಕಟ್ಟಿನ, ಮೊಣಕಾಲಿನ ಎಕ್ಸ್‌ರೇ ಬೇಕು, ತಂದೆಯ ರಕ್ತ ಬೇಕು, ಮತ್ತು ಮುಂದೆ ಬೀಳುವ ಹಲ್ಲು ಬೇಕು. ಅದನ್ನು ಉಪ್ಪುನೀರಿನ ಶೀಶೆಯಲ್ಲಿಟ್ಟು ಅಹಮದಾಬಾದಿನ ಲ್ಯಾಬಿಗೆ ಕಳಿಸಬೇಕು. "ಹಲ್ಲು ಬಿದ್ದರೆ ಮಾಡು ಹುಡುಕಬೇಡಿ, ಬಾ," ಎಂದರು ಡಾಕ್ಟರು.

ಮಗುವಿನ ಎಕ್ಸ್‌ರೇ ಅಂದೇ ತೆಗೆಸಿ, ಅಹಮದಾಬಾದಿನ ಮೂಳೆತಜ್ಞರಿಗೆ ಕಳಿಸಲು ಕೊಟ್ಟು, ನಾಲ್ವರೂ ವಾಪಸು ರೈಲು ಹತ್ತಿದರು. ಶರತ್ ತೋಳಿನಲ್ಲಿ ಸೂಜಿ ಚುಚ್ಚಿದಲ್ಲಿ ಹತ್ತಿ ಒತ್ತಿಕೊಂಡು ಕಿಟಕಿಯ ಹತ್ತಿರ ಕುಳಿತಿದ್ದ. ಅವನು ಸಿಟ್ಟಾಗಿದ್ದಾನೋ ಯೋಚಿಸುತ್ತಿದ್ದಾನೋ ಕಮಲಮ್ಮನಿಗೆ ತಿಳಿಯಲಿಲ್ಲ. ಹಲ್ಲು ಹೋದದ್ದು ತನ್ನಿಂದಲ್ಲ. ಪೆಟ್ಟು ಮಾತ್ರ ತನ್ನದೇ, ಅದನ್ನು ಯಾವ ಡಾಕ್ಟರೂ ಇಲ್ಲ ಎನ್ನಲಾರರು.

ಆಮೇಲಿನ ಹನ್ನೆರಡು ದಿನ ಮನೆಯಲ್ಲಿ ಎಲ್ಲರ ಕಣ್ಣೂ ಮಗುವಿನ ಕಾಲ ಮೇಲೆ. ಅದು ಸೋಫಾದಿಂದ ಹಾರಿದರೆ ಮೂವರೂ ಎದ್ದು ನಿಲ್ಲುತ್ತಿದ್ದರು. ಎಡಗಾಲು ಸ್ವಲ್ಪ ಸೊಟ್ಟ ಇದೆಯಲ್ಲವೇ ಎಂದು ಅಕ್ಷತಾ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ನಾಲ್ಕನೇ ದಿನ ಮೇಲಿನ ಹಲ್ಲು ಬಿತ್ತು. ಕಮಲಮ್ಮ ಅದನ್ನು ಶೀಶೆಗೆ ಹಾಕಿ, ಮುಚ್ಚಳ ಮೂರು ಸಲ ತಿರುಗಿಸಿ ನೋಡಿ, ಶರತ್‌ನ ಕೈಯಲ್ಲಿ ಅದೇ ದಿನ ಕೊರಿಯರಿಗೆ ಕೊಡಿಸಿದರು. ಅಕ್ಷತಾ ಈಗ ಅವರನ್ನು ಅನುಮಾನದಿಂದ ನೋಡುತ್ತಿರಲಿಲ್ಲ. ನೋಡುತ್ತಲೇ ಇರಲಿಲ್ಲ, ನಾಚಿಕೆಯೋ ಭಯವೋ.

ಹದಿಮೂರನೇ ದಿನ ಮಧ್ಯಾಹ್ನ ಹೇತಲ್‌ಬೆನ್ ಫೋನು ಮಾಡಿದರು. ಅಕ್ಷತಾ ಆಗಷ್ಟೇ ಮನೆಗೆ ಬಂದಿದ್ದಳು, ಶರತ್ ಊಟಕ್ಕೆ ಕುಳಿತಿದ್ದ. ಅವನು ಬಲಗೈ ಎಂಜಲಾಗಿದ್ದರಿಂದ ಎಡಗೈಯಿಂದ ಸ್ಪೀಕರ್ ಒತ್ತಿದ. ಮಗುವಿನ ಮೂಳೆಗಳು ನೇರವಾಗಿವೆ, ಗಟ್ಟಿಯಾಗಿವೆ. ಹಲ್ಲಿನ ಬೇರಿಗೆ ಇರಬೇಕಾದ ಗಾರೆಯ ಪದರ ಇಲ್ಲವೆನ್ನುವಷ್ಟು ತೆಳು. ತಂದೆಯ ಕಿಣ್ವವೂ ತೀರ ಕಡಿಮೆ. ವಂಶವಾಹಿಯ ವರದಿ ಬರಲು ಇನ್ನೂ ಒಂದು ತಿಂಗಳು ಬೇಕು, ಆದರೂ ಇದು ಹಲ್ಲಿಗಷ್ಟೇ ಸೀಮಿತವಾದ ಬಗೆಯೆಂದೇ ಕಾಣುತ್ತದೆ. ಮುಂದಿನ ಇನ್ನೂ ಕೆಲವು ಹಲ್ಲು ಹೋಗಬಹುದು. ನಾಲ್ಕು ತುಂಬಿದ ಮೇಲೆ ಹಾಕಿ ತೆಗೆಯುವಂಥ ಪುಟ್ಟ ಹಲ್ಲುಸಾಲು ಮಾಡಿಕೊಡುತ್ತೇನೆ, ಶಾಲೆಯಲ್ಲಿ ಯಾರೂ ನಗುವುದಿಲ್ಲ. ಶಾಶ್ವತ ಹಲ್ಲು ಜೋಪಾನ ಮಾಡಿದರೆ ನಿಲ್ಲುತ್ತವೆ. ವರ್ಷಕ್ಕೊಮ್ಮೆ ಮೂಳೆ ನೋಡಿಸುತ್ತಿರಬೇಕು, ಅದನ್ನು ಬಿಡುವಂತಿಲ್ಲ.

ಫೋನು ಇಟ್ಟ ಮೇಲೆ ಅಕ್ಷತಾ ಕುಳಿತಲ್ಲಿಯೇ ಅತ್ತುಬಿಟ್ಟಳು. "ಅತ್ತೆ, ನಾನು ನಿಮ್ಮನ್ನು..." ಎಂದಳು.

"ಗೊತ್ತುಂಟು. ಮಗುವಿನ ತಾಯಿ ನೀನು, ಮತ್ತೆಂತ ಮಾಡ್ತಿ," ಎಂದರು ಕಮಲಮ್ಮ.

ಶರತ್ ಕೈ ತೊಳೆದು ಬಂದು ಅವರ ಎದುರು ಕುಳಿತ. ವಡೋದರಾದಿಂದ ಬಂದ ಮೇಲೆ ಆ ವಿಷಯ ಅವನು ಎತ್ತಿರಲಿಲ್ಲ.

"ಅಮ್ಮ, ಎಷ್ಟು ಹಿಟ್ಟು ಚೆಲ್ಲಿದ್ದೆ ನಾನು?"

"ಪಾತ್ರೆ ಪೂರ್ತಿ. ಹತ್ತು ಸೇರಿಂದು."

"ಹಾಗಾದ್ರೆ ನಾನೇ ಆದ್ರೂ ಹೊಡೀತಿದ್ದೆ," ಎಂದ, ಅಡಿಗೆಯವನ ನ್ಯಾಯದಲ್ಲಿ.

ಕಮಲಮ್ಮ ನಗಲಿಲ್ಲ. "ಹಾಗೆ ಹೇಳ್ಬೇಡ ಮಗಾ. ಹಲ್ಲು ನನ್ನಿಂದ ಹೋಗ್ಲಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಹೊಡೆದದ್ದು ಹೌದಲ್ಲ. ಸುಳ್ಳು ಹೇಳಿದ್ದೂ ಹೌದು."

ಅವನು ಮೊಣಕಾಲಿನ ಕಲೆಯ ಮೇಲೆ ಬೆರಳಾಡಿಸಿದ. "ಮೆಟ್ಟಿಲಿಂದ ಬಿದ್ದದ್ದು ನೆನಪುಂಟು ಅಂತ ಎಣಿಸಿದ್ದೆ. ಮೊನ್ನೆಯಿಂದ ಕೂತು ಯೋಚನೆ ಮಾಡಿದ್ರೆ, ಮೆಟ್ಟಿಲು ನೆನಪೇ ಇಲ್ಲ. ಬಿದ್ದದ್ದೂ ಇಲ್ಲ. ನೀನು ನನ್ನನ್ನು ಎತ್ಕೊಂಡು ಆ ಕೋಣೆಯಲ್ಲಿ ಆಚೆ ಈಚೆ ನಡೀತಾ ಇದ್ದದ್ದು ನೆನಪುಂಟು. ನಿನ್ನ ಕೈಗೆಲ್ಲ ಹಿಟ್ಟು. ನೀನು ಅಳ್ತಾ ಇದ್ದಿ, ನನ್ನ ನೆತ್ತಿ ಒದ್ದೆ ಆಗ್ತಾ ಇತ್ತು. ಬಿದ್ದದ್ದಕ್ಕೆ ಎತ್ಕೊಂಡದ್ದು ಅಂತ ನಾನು ಇಷ್ಟು ವರ್ಷ ಎಣಿಸಿದ್ದು."

ಕಮಲಮ್ಮನಿಗೆ ಪೆಟ್ಟು ನೆನಪಿತ್ತು, ಹಿಟ್ಟು ನೆನಪಿತ್ತು, ದಿಂಬಿನ ಮೇಲಿನ ಹಲ್ಲು ನೆನಪಿತ್ತು. ಆ ಕೈಯಲ್ಲಿಯೇ ಆ ಸಂಜೆ ಅವನನ್ನು ಎತ್ತಿಕೊಂಡು ಅವನು ಮಲಗುವ ತನಕ ನಡೆದದ್ದನ್ನು ಅವರು ಮರೆತೇಬಿಟ್ಟಿದ್ದರು.

"ಹೌದು," ಎಂದರು ಕಮಲಮ್ಮ. "ಅದು ನಿಜ ಮಗಾ. ಎತ್ತಿಕೊಂಡಿದ್ದೆ."